ಕಾರು ನಿಲ್ಲುತ್ತಿದ್ದ ಜಾಗ

ಕಾರು ಮಾರಿದ ವಾರದೊಳಗೆ ನಮ್ಮ ಮನೆಗೆ ಏಳು ಪ್ಯಾಕೆಟ್ ಬ್ರೆಡ್ಡು ಬಂತು. ಜೊತೆಗೆ ಒಂದು ಗೊನೆ ಎಳನೀರು, ಎರಡು ಕೈಚೀಲ ಮೂಸಂಬಿ. ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಹೀರೇಕಾಯಿ ಹೆರೆಯುತ್ತಿದ್ದೆ. ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುಖ ಸಣ್ಣ ಮಾಡಿಕೊಂಡು, ನನ್ನ ಸೀರೆಯ ಕೆಳಗೆ ಎಷ್ಟು ಕಾಲಿದೆ ಅಂತ ಎಣಿಸುತ್ತಿದ್ದರು. ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಆದರೆ ಬ್ರೆಡ್ಡಿನ ಕತೆ ತಿಳಿಯಬೇಕಾದರೆ ಮೊದಲು ಕಾರಿನ ಕತೆ ತಿಳಿಯಬೇಕು.

ನನ್ನ ಎಡಗಾಲು ಮೂರನೇ ವರ್ಷಕ್ಕೇ ಪೋಲಿಯೊ ಬಂದು ಸಣಕಲಾಯಿತು. ಕುಂಟಿ ಅಂತ ಊರವರು ಬೆನ್ನ ಹಿಂದೆ ಅನ್ನುವ ಮಾತನ್ನು ನಾನೇ ಅವರ ಎದುರಿಗೆ ಅಂದುಬಿಡುತ್ತೇನೆ. ಆ ಸುಖ ಅವರಿಗೆ ಯಾಕೆ ಬಿಡಬೇಕು? ಶಿಕಾರಿಪುರದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು ನಾನು. ಯಾವ ಹಳ್ಳಿಯ ಯಾವ ಸರ್ವೆ ನಂಬರಿನ ಕಡತ ಯಾವ ಕಪಾಟಿನಲ್ಲಿದೆ ಅಂತ ಕೇಳಿದರೆ ಕೂತಲ್ಲಿಂದಲೇ ಹೇಳುತ್ತಿದ್ದೆ. ಎಡಗಾಲಿನ ಕೆಲಸವನ್ನೂ ತಾನೇ ಹೊತ್ತಿದ್ದ ಬಲಗಾಲಿನ ಮಂಡಿ, ನನ್ನಿಂದ ಆಗೋದಿಲ್ಲ ಅಂದುಬಿಟ್ಟಿತು. ಐವತ್ತೆರಡಕ್ಕೇ ರಿಟೈರ್‌ಮೆಂಟ್ ತಗೊಂಡೆ. ಆ ವರ್ಷವೇ ನಮ್ಮ ಯಜಮಾನರು ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಂದರು. "ಇನ್ಮೇಲೆ ನಿನ್ನನ್ನ ಒಂದು ಹೆಜ್ಜೆನೂ ನಡೆಸೋದಿಲ್ಲ" ಅಂದರು. ಪ್ರೀತಿಯಿಂದಲೇ ಅಂದದ್ದು, ಅದರಲ್ಲಿ ಸುಳ್ಳಿಲ್ಲ.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಮಗನಿಗೆ ಬೀಜ-ಗೊಬ್ಬರದ ಅಂಗಡಿ, ಬಿಡುವಿಲ್ಲ. ಹಾಗಾಗಿ ಫೋನ್ ಮಾಡಿದರೆ ಬರುವ ಒಬ್ಬ ಡ್ರೈವರನ್ನು ಗೊತ್ತು ಮಾಡಿಕೊಟ್ಟ. ನಮ್ಮದು ಹಳೇ ಪೇಟೆಯ ಓಣಿ. ಮಾರ್ಕೆಟ್ಟು, ಬ್ಯಾಂಕು, ಔಷಧಿ ಅಂಗಡಿ ಎಲ್ಲ ಕೂಗಳತೆಯಲ್ಲಿ. ಕಾಲಿದ್ದವರು ಹರಟೆ ಹೊಡೆಯುತ್ತ ಹೋಗಿಬರುವ ದೂರ. ನಾನು ಹೋಗಬೇಕೆಂದರೆ ಡ್ರೈವರಿಗೆ ಫೋನು. ಅವನು ಬಂದು ಕಾರು ಸ್ಟಾರ್ಟ್ ಮಾಡುವುದು, ಡ್ಯಾಶ್‌ಬೋರ್ಡಿನ ದೇವರಿಗೆ ಊದುಬತ್ತಿ ಹಚ್ಚುವುದು, ನನಗೆ ಸೆಕೆ ಆಗಬಾರದು ಅಂತ ಎ.ಸಿ. ಹಾಕುವುದು. ನಾನು ಕೋಲೂರಿಕೊಂಡು ಮೂರು ಮೆಟ್ಟಿಲು ಇಳಿದು, ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುವ ತನಕ ಎಂಜಿನ್ನು ಗುರ್ ಅನ್ನುತ್ತಲೇ ಇರುತ್ತಿತ್ತು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಒಂದು ಟನ್ನಿನಷ್ಟು ಕಬ್ಬಿಣ ಹೊಗೆ ಬಿಡುತ್ತ ಹೊರಡುತ್ತಿತ್ತು. ಭಾನುವಾರ ಅದಕ್ಕೆ ಸ್ನಾನ ಬೇರೆ. ದಿನ ಬಿಟ್ಟು ದಿನ ಬರುವ ನಲ್ಲಿ ನೀರನ್ನು ಪೈಪಿನಲ್ಲಿ ಹೊಡೆದು ತೊಳೆದರೆ, ಎಣ್ಣೆಯ ಬಣ್ಣ ಬಣ್ಣದ ಪೊರೆ ಚರಂಡಿಯಲ್ಲಿ ತೇಲಿಕೊಂಡು ಕೆರೆಯ ಕಡೆಗೆ ಹೋಗುತ್ತಿತ್ತು. ಆಗ ನಾನು ಜಗಲಿಯ ಮೇಲೆ ಕೂತು, ಎದುರುಮನೆಯವಳಿಗೆ ಕೊಡ ತುಂಬಿ ಚೆಲ್ಲುತ್ತಿದೆ ನೋಡು ಅಂತ ಬೈಯುತ್ತಿದ್ದೆ. ಊರಿಗೆ ಉಪದೇಶ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಇನ್ನು ಆ ಡ್ರೈವರು. ಹತ್ತಕ್ಕೆ ಬರುತ್ತೇನೆ ಅಂದವನು ಹನ್ನೊಂದೂವರೆಗೆ ಬರುತ್ತಿದ್ದ. ಕೆಲವು ದಿನ ಬರುತ್ತಲೇ ಇರಲಿಲ್ಲ. ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು, ಜಗಲಿಯಲ್ಲಿ ಕೂತು ಕೂತು ಮಧ್ಯಾಹ್ನ ಒಳಗೆ ಹೋಗಿ ಸೀರೆ ಬಿಚ್ಚಿದ ದಿನಗಳಿವೆ. ಅರವತ್ತೆರಡು ವರ್ಷದ ಹೆಂಗಸು ಒಂದು ಕಟ್ಟು ಸೊಪ್ಪು ತರಲು ಇನ್ನೊಬ್ಬನ ಮರ್ಜಿ ಕಾಯುವುದು ಎಂಥ ಕರ್ಮ ಅಂತ ಕಾದವರಿಗೇ ಗೊತ್ತು.

ನನ್ನ ತವರು ಸೊರಬದ ಕಡೆ, ಉಳವಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ತಮ್ಮನ ಮನೆಗೆ ಹೋದಾಗ, ಬಸ್ ನಿಲ್ಲುವ ಕಟ್ಟೆಯ ಹತ್ತಿರ ಒಬ್ಬರು ಒಂದು ಸಣ್ಣ ಗಾಡಿಯ ಮೇಲೆ ಕೂತು ತಾವಾಗಿಯೇ ಬಂದರು. ಮೂರು ಗಾಲಿ, ಒರಗಲು ಬೆನ್ನಿರುವ ಕುರ್ಚಿ, ಹಿಡಿಯಲು ಹ್ಯಾಂಡಲ್, ಮುಂದೊಂದು ಬುಟ್ಟಿ. ಸದ್ದಿಲ್ಲ, ಹೊಗೆಯಿಲ್ಲ, ಚುರುಕಾಗಿ ನಡೆಯುವವರ ವೇಗ. ನಡೆಯಲಾಗದವರಿಗೆಂದೇ ಮಾಡಿದ ಬ್ಯಾಟರಿ ಗಾಡಿ. ಅವರು ರಿಟೈರಾದ ಪೋಸ್ಟ್‌ಮ್ಯಾನು. ಸಕ್ಕರೆ ಕಾಯಿಲೆಯಿಂದ ಒಂದು ಪಾದ ಹೋಗಿತ್ತು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದದ್ದು ಕಂಡು, "ಹತ್ತಿ ನೋಡಿ, ಎಂತದೂ ಆಗಲ್ಲ" ಅಂತ ತಾವು ಕಟ್ಟೆಯ ಮೇಲೆ ಕೂತರು. ನಾನು ಹತ್ತಿ ಅಂಗಡಿಯವರೆಗೆ ಹೋಗಿ ಬಂದೆ. ಯಾರೂ ಹಿಡಿದಿರಲಿಲ್ಲ, ಯಾರೂ ತಳ್ಳಲಿಲ್ಲ. ಹುಟ್ಟಿದಾಗಿನಿಂದ ಒಬ್ಬಳೇ ಅಷ್ಟು ದೂರ ಆಯಾಸವಿಲ್ಲದೆ ಹೋದದ್ದು ಅದೇ ಮೊದಲು. ಇಳಿಯುವಾಗ ಅಳು ಬಂತು, ಅದಕ್ಕೆ ತಮ್ಮನ ಮೇಲೆ ಸುಮ್ಮನೆ ರೇಗಿದೆ.

"ಎಂತಕ್ಕಾ, ನಾನೆಂತ ಮಾಡ್ದೆ?" ಅಂದ ಅವನು.

ಊರಿಗೆ ಬಂದು ಮಗನಿಗೆ ಹೇಳಿದೆ. "ಅವ್ವಾ, ಕಾರು ಇರ್ಲಿ, ಅದನ್ನೂ ತಗೋ. ಯಾರು ಬ್ಯಾಡ ಅಂತಾರೆ?" ಅಂದ. ನನಗೆ ಗೊತ್ತಿತ್ತು. ಎರಡೂ ಇದ್ದರೆ ಬ್ಯಾಟರಿ ಗಾಡಿ ಬಟ್ಟೆ ಒಣಹಾಕುವ ಗೂಟವಾಗುತ್ತದೆ, ನಾನು ಮತ್ತೆ ಜಗಲಿಯಲ್ಲಿ ಚೀಲ ಹಿಡಿದು ಕೂರುತ್ತೇನೆ. ಕಾರು ನನ್ನ ಹೆಸರಿನಲ್ಲಿತ್ತು. ಮಾರಿಬಿಟ್ಟೆ. ಶಿವಮೊಗ್ಗದಿಂದ ಬ್ಯಾಟರಿ ಗಾಡಿ ಬಂತು. ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಮೂರನೇ ದಿನ ಸಾರಿಗೆ ಉಪ್ಪಿಲ್ಲ ಅಂತ ಮಾತು ಶುರು ಮಾಡಿದ.

ನಾನು ಪರಿಸರ ಉಳಿಸಲು ಕಾರು ಮಾರಿದವಳು ಅಂತ ಯಾರೂ ಶಾಲು ಹೊದಿಸುವುದು ಬೇಡ. ನನ್ನ ಪಾಡಿಗೆ ನಾನು ಓಡಾಡಬೇಕಿತ್ತು, ಅಷ್ಟೇ. ಆದರೆ ಓಡಾಡುತ್ತ ಓಡಾಡುತ್ತ ಕಣ್ಣು ಬಿಟ್ಟಿತು. ಮಿಕ್ಸಿಯ ಪ್ಲಗ್ಗಿಗೇ ಚುಚ್ಚಿ ಚಾರ್ಜ್ ಮಾಡಿದರೆ ಎರಡು ದಿನದ ಓಡಾಟ ಮುಗಿಯುತ್ತಿತ್ತು. ಇದಕ್ಕೆ ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೆಟ್ರೋಲ್ ಬಂಕಿನ ಮುಖ ನೋಡಬೇಕಿಲ್ಲ. ಇದು ಆಕಾಶದಿಂದ ಬಿದ್ದ ಪುಣ್ಯವಂತೂ ಅಲ್ಲ. ಕರೆಂಟೂ ಎಲ್ಲಿಂದಲೋ ಬರಬೇಕು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ ಮುಳುಗಿದವರು ನಮ್ಮ ತವರಿನ ಕಡೆ ಬಂದು ಗುಡಿಸಲು ಹಾಕಿಕೊಂಡಿದ್ದರು ಅಂತ ನಮ್ಮವ್ವ ಹೇಳುತ್ತಿದ್ದಳು. ಬ್ಯಾಟರಿ ಸತ್ತ ಮೇಲೆ ಅದರ ಹೆಣ ಎಲ್ಲಿ ಹಾಕುತ್ತೀರಿ ಅಂತ ಮಾರಿದವನನ್ನು ಕೇಳಿದ್ದಕ್ಕೆ, "ವಾಪಸ್ ತಗೋತೀವಿ ಮೇಡಂ" ಅಂದ. ತಗೊಂಡು ಏನು ಮಾಡುತ್ತೀರಿ ಅಂದದ್ದಕ್ಕೆ ಬಿಲ್ಲು ಮುಂದೆ ಸರಿಸಿದ. ಅಷ್ಟಾದರೂ ಅರವತ್ತು ಕೆ.ಜಿ. ಮುದುಕಿಯನ್ನು ಸೊಪ್ಪಿನ ಅಂಗಡಿಗೆ ಒಯ್ಯಲು ಒಂದು ಟನ್ ಕಬ್ಬಿಣ ಉರಿಸುವುದು ತಪ್ಪಿತು. ತಪ್ಪಿದ ಮೇಲೆಯೇ ಅದು ಎಷ್ಟು ನಾಚಿಕೆಗೇಡು ಅಂತ ಗೊತ್ತಾದದ್ದು.

ಊರಿನ ನಾಚಿಕೆಗೇಡೂ ಆಗಲೇ ಕಂಡದ್ದು. ಫುಟ್‌ಪಾತಿನ ಮೇಲೆಲ್ಲ ಕಾರು. ಒಳಗೆ ಒಬ್ಬ ಮೊಬೈಲ್ ನೋಡುತ್ತ ಕೂತಿರುತ್ತಾನೆ, ಎಂಜಿನ್ ಚಾಲೂ. ಸರಿಸಪ್ಪ ಅಂದರೆ, "ಎರಡೇ ನಿಮಿಷ ಆಂಟಿ" ಅನ್ನುತ್ತಾನೆ. ಬ್ಯಾಂಕಿಗೆ ಐದು ಮೆಟ್ಟಿಲು. ಕೆಳಗೆ ನಿಂತು ಕೂಗಿದರೆ, "ಯಾರನ್ನಾದ್ರೂ ಕಳಿಸಿ ಮೇಡಂ" ಅನ್ನುತ್ತಾರೆ. ಯಾರನ್ನಾದರೂ ಕಳಿಸುವುದಾದರೆ ನಾನು ಯಾಕೆ ಗಾಡಿ ತಗೊಳ್ಳಬೇಕಿತ್ತು? ಮೊದಲ ವಾರದಲ್ಲೇ ನಾನು ಬೈದಷ್ಟು ಜನರನ್ನು ಮೂವತ್ತು ವರ್ಷದ ನೌಕರಿಯಲ್ಲೂ ಬೈದಿರಲಿಲ್ಲ.

ಆ ವಾರದಲ್ಲೇ ಒಂದು ದಿನ ಮನೆಯಿಂದ ಹೊರಟವಳಿಗೆ ಪಕ್ಕದ ಮನೆಯ ಗೋಡೆಯಲ್ಲಿ ಒಂದು ಕಿಟಕಿ ಕಾಣಿಸಿತು. ನೀಲಿ ಬಣ್ಣದ ಬಾಗಿಲು, ಪೂರ್ತಿ ತೆರೆದಿತ್ತು. ಆ ಗೋಡೆಗೆ ಕಿಟಕಿ ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ನಮ್ಮ ಕಾರು ಇಷ್ಟು ವರ್ಷ ಬೆನ್ನು ಮಾಡಿ ನಿಲ್ಲುತ್ತಿದ್ದದ್ದು ಅದೇ ಗೋಡೆಗೆ. ಆ ಮನೆಯಲ್ಲಿ ಇರುವವರು ಟೈಲರ್ ಸಾಹೇಬರು. ಶಾಲೆಯ ಯೂನಿಫಾರಂ, ಹೆಂಗಸರ ಜಂಪರು ಹೊಲಿಯುತ್ತಾರೆ. ಹಗಲು ಹೊತ್ತೂ ಟ್ಯೂಬ್‌ಲೈಟ್ ಹಾಕಿಕೊಂಡು ಒಳಗೆಲ್ಲೋ ಹೊಲಿಯುತ್ತಿದ್ದವರು ಈಗ ಮಿಶನ್ನನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಬಿಸಿಲಿನಲ್ಲಿ ಕೂತಿದ್ದರು.

"ಏನ್ ಸಾಹೇಬ್ರೇ, ಕಿಟಕಿ ಹೊಸದಾ?" ಅಂದೆ.

"ಹಳೇದೇ ಅಮ್ಮಾರೆ. ಹೊಗೆ ಬರ್ತಿತ್ತು ಅಂತ ಮುಚ್ಚಿದ್ವಿ."

ಯಾರ ಹೊಗೆ ಅಂತ ಕೇಳುವಷ್ಟು ದಡ್ಡಿ ನಾನಲ್ಲ. ಅವರು ಮಿಶನ್ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. ಅವರ ಹೆಂಡತಿಗೆ ಉಬ್ಬಸ. ಡಾಕ್ಟರು ಹೊಗೆಯಲ್ಲಿ ಇರಬೇಡಿ ಅಂದದ್ದಕ್ಕೇ ಮೂರು ವರ್ಷದಿಂದ ಸೊರಬದಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅಳಿಯನ ಮನೆಯಲ್ಲಿ ಎಷ್ಟು ದಿನ ಅಂತ ಇರುತ್ತಾಳೆ ಈಯಮ್ಮ ಅಂತ ನಾಲ್ಕು ಜನರ ಎದುರು ಆಡಿಕೊಂಡೂ ಇದ್ದೆ.

"ಈಗ ಗಾಳಿ ಚೆನ್ನಾಗಿದೆಯಲ್ಲ, ಈ ತಿಂಗಳೇ ಕರ್ಕೊಂಡ್ ಬರ್ತೀನಿ" ಅಂದರು. ಮುಖದಲ್ಲಿ ಸಂತೋಷ ಎಷ್ಟಿತ್ತೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇನ್ರೀ?"

ಅವರು ನಕ್ಕು, ದಾರ ಹಲ್ಲಲ್ಲಿ ಕಡಿದು, ಸೂಜಿಗೆ ಪೋಣಿಸತೊಡಗಿದರು. ನನಗೆ ಅವರ ಮೇಲೆಯೇ ಕೆಟ್ಟ ಸಿಟ್ಟು ಬಂತು. ಬಾಯಿ ಸತ್ತ ಮನುಷ್ಯ! ಹೆಂಡತಿಯನ್ನು ಊರು ಬಿಡಿಸಿದರೇ ಹೊರತು ಪಕ್ಕದ ಮನೆಯ ಬಾಗಿಲು ತಟ್ಟಲಿಲ್ಲ. ನಾನೇನು ಹುಲಿಯೇ, ಕರಡಿಯೇ? ಆ ಸಿಟ್ಟನ್ನು ಇಟ್ಟುಕೊಂಡೇ ತಿಂಗಳುಗಟ್ಟಲೆ ತಿರುಗಿದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ಬ್ರೆಡ್ಡು ಬಂದದ್ದು ಕಿಟಕಿ ಕಂಡ ಮರುದಿನ. ಉಡುತಡಿಯ ನಮ್ಮ ಸಂಬಂಧಿಕರೊಬ್ಬರು ಮೆಕ್ಕೆಜೋಳದ ರೇಟು ಕೇಳಲು ಮಾರ್ಕೆಟ್ ಯಾರ್ಡಿಗೆ ಬಂದವರು, ನಾನು ಬಿಸಿಲಿಗೆ ಕಾಲ ಮೇಲೆ ಟವೆಲ್ ಹೊದ್ದು ಬ್ಯಾಟರಿ ಗಾಡಿಯಲ್ಲಿ ಹೋಗುತ್ತಿದ್ದದ್ದನ್ನು ದೂರದಿಂದ ನೋಡಿದರಂತೆ. ನಮ್ಮ ಕಡೆ ಅಂಥ ಗಾಡಿ ಕಂಡದ್ದು ಕಾಲು ತೆಗೆಸಿಕೊಂಡವರಲ್ಲೇ. ಮನೆ ಮುಂದೆ ಕಾರೂ ಇಲ್ಲ. ಅಲ್ಲಿಗೆ ಲೆಕ್ಕ ಸರಿಹೋಯಿತು: ಕಾಲು ತೆಗೆದಿದ್ದಾರೆ, ಆಸ್ಪತ್ರೆಗೆ ಸುರಿಯಲು ಕಾರು ಮಾರಿದ್ದಾರೆ. ಸಂಜೆಯೊಳಗೆ ಸುದ್ದಿ ಸೊರಬ ಮುಟ್ಟಿತು. ಒಬ್ಬರು ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮವರಲ್ಲಿ ಕಾಯಿಲೆಯವರನ್ನು ಫೋನಿನಲ್ಲಿ ವಿಚಾರಿಸುವುದು ಮರ್ಯಾದೆಯಲ್ಲ. ಹೋಗಬೇಕು, ಕೈಯಲ್ಲಿ ಏನಾದರೂ ಹಿಡಿದೇ ಹೋಗಬೇಕು, ಮೊದಲು ಹೋದವರು ಯಾರು ತಡವಾಗಿ ಹೋದವರು ಯಾರು ಅನ್ನುವುದು ಮುಂದಿನ ಮದುವೆಯ ತನಕ ನೆನಪಿರುತ್ತದೆ. ಹಾಗಾಗಿ ಕೇಳುವುದಕ್ಕೆ ಮೊದಲೇ ಹೊರಟರು. ಎಲ್ಲರೂ ಕಾರಿನಲ್ಲೇ ಬಂದರು.

"ಯಾವ ಕಾಲ್ರೀ ತೆಗೆದದ್ದು?" ಅಂತ ಒಬ್ಬರು ಮಗನ ಕಿವಿಯಲ್ಲಿ ಕೇಳಿದರು. ನನಗೆ ಕೇಳಿಸುವಷ್ಟು ಮೆಲ್ಲಗೆ.

ಸೀರೆಯನ್ನು ಮಂಡಿಯವರೆಗೆ ಎತ್ತಿ ತೋರಿಸಿದೆ. "ಎರಡೂ ಅವೆ ನೋಡ್ರಿ. ಒಂದು ಸಣ್ಣದು, ಅದು ನಿಮಗೂ ಗೊತ್ತು. ಬ್ರೆಡ್ಡು ವಾಪಸ್ ತಗೊಂಡು ಹೋಗ್ರಿ."

"ಪಾಪ, ಸಂಕಟಕ್ಕೆ ಹಂಗೆ ಮಾತಾಡ್ತಾಳೆ" ಅಂದರು ಇನ್ನೊಬ್ಬರು, ಕಣ್ಣೊರೆಸಿಕೊಂಡು. ಇಂಥವರಿಗೆ ಏನು ಹೇಳಿ ಏನು ಫಲ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಹೊರಗೆ ಓಣಿಯಲ್ಲಿ ಐದು ಕಾರು ಸಿಕ್ಕಿಹಾಕಿಕೊಂಡಿದ್ದವು. ಹಿಂದಿನದು ಸರಿಯದೆ ಮುಂದಿನದು ತಿರುಗದು. ಅರ್ಧ ಗಂಟೆ ಎಲ್ಲವೂ ಎಂಜಿನ್ ಚಾಲೂ ಇಟ್ಟುಕೊಂಡು ಹಾರ್ನ್ ಹೊಡೆದವು. ನಾನು ಜಗಲಿಗೆ ಬಂದು ಆಫ್ ಮಾಡ್ರೋ ಅಂತ ಗಂಟಲು ಹರಿಯುವಂತೆ ಕೂಗಿದೆ. ಸಾಹೇಬರು ಎದ್ದು ನೀಲಿ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಂಡರು. ಕಾಯಿಲೆಯೇ ಇಲ್ಲದ ನನ್ನನ್ನು ನೋಡಲು ಬಂದವರು ನಿಜವಾಗಿ ಕಾಯಿಲೆಯಿದ್ದವರು ವಾಪಸ್ ಬರಬೇಕಿದ್ದ ಮನೆಗೆ ಹೊಗೆ ತುಂಬಿಸಿ ಹೋದರು.

ಮಗನಿಗೆ ಹತ್ತಿದ ಬೆಂಕಿ ಬೇರೆ. "ಊರವರೆಲ್ಲ ನಾನು ದಿವಾಳಿ ಎದ್ದಿದ್ದೀನಿ ಅಂತಾರೆ. ಹೆತ್ತವ್ವನನ್ನ ಆಟದ ಗಾಡಿ ಮೇಲೆ ಬೀದಿಗೆ ಬಿಟ್ಟಿದ್ದಾನೆ ಅಂತಾರೆ" ಅಂದ. ಅವನ ಸಂಕಟ ಸುಳ್ಳಲ್ಲ. ಅವನಿಗೆ ಅಪ್ಪನ ಹಾಗೆ ಅವ್ವನನ್ನು ನಡೆಸದೆ ಇರುವುದೇ ಪ್ರೀತಿ. ನಾನು ನಡೆಯುತ್ತಿಲ್ಲ ಕಣೋ, ಓಡಾಡುತ್ತಿದ್ದೀನಿ ಅಂದರೆ ಅದು ಅವನ ತಲೆಗೆ ಹೋಗಲಿಲ್ಲ.

ತಿಂಗಳ ಕೊನೆಗೆ ಸಾಹೇಬರ ಹೆಂಡತಿ ಬಂದರು. ನಾನು ಬ್ಯಾಟರಿ ಗಾಡಿಯಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಅವರ ಬಟ್ಟೆಯ ಗಂಟನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದೆ. ಗಂಡ ಹೆಂಡತಿ ಪಕ್ಕದಲ್ಲಿ ಮಾತಾಡುತ್ತ ನಡೆದು ಬಂದರು. ಗಾಡಿಗೆ ಸದ್ದಿಲ್ಲದ್ದರಿಂದ ಅವರು ಆಡಿದ್ದೆಲ್ಲ ನನಗೂ ಕೇಳುತ್ತಿತ್ತು. ಆಮೇಲೆ ದಿನಾ ಆಕೆ ಕಿಟಕಿಯ ಹತ್ತಿರ ಕೂತು ಗುಂಡಿ ಹೊಲಿಯುತ್ತಿದ್ದರು, ನಾನು ಹೋಗುವಾಗ ಬರುವಾಗ ತಲೆ ಆಡಿಸುತ್ತಿದ್ದರು. ಉಬ್ಬಸ ಪೂರ್ತಿ ಹೋಗಿರಲಿಲ್ಲ. ಆದರೆ ಮನೆಯಲ್ಲಿದ್ದರು.

ದಸರೆಗೆ ಮುಂಚೆ ಮಗ ಹೇಳಿದ, ಹೊಸ ಕಾರು ಬುಕ್ ಮಾಡಿದ್ದೀನಿ ಅಂತ. ಡೀಸೆಲ್ಲೇ. ಮೈಲೇಜ್ ಜಾಸ್ತಿಯಂತೆ.

"ಎಲ್ಲಿ ನಿಲ್ಲಿಸ್ತೀ?"

"ಇನ್ನೆಲ್ಲಿ? ಅಪ್ಪ ನಿಲ್ಲಿಸ್ತಿದ್ದ ಜಾಗದಲ್ಲೇ."

"ಆ ಕಿಟಕಿ ಹಿಂದೆ ಉಬ್ಬಸದ ಹೆಂಗಸು ಅದಾಳೆ. ಕಾರು ಅಲ್ಲಿ ಬಂದು ನಿಂತರೆ ಆಯಮ್ಮ ಮತ್ತೆ ಊರು ಬಿಡಬೇಕು. ನಿನ್ನ ಗೋಡೌನ್ ಹತ್ರ ಅಷ್ಟು ಜಾಗ ಐತಲ್ಲ, ಅಲ್ಲಿ ನಿಲ್ಲಿಸು."

"ಗೋಡೌನ್ ಹತ್ರ ನಿಲ್ಲಿಸಿದ್ರೆ ಮನೆ ಮುಂದೆ ಕಾರು ಇದೆ ಅಂತ ಯಾರಿಗೆ ಗೊತ್ತಾಗುತ್ತೆ ಅವ್ವಾ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ವಾರಗಟ್ಟಲೆ ಜಗಳವಾಡಿದೆ. ಊಟ ಬಿಟ್ಟೆ, ಅವನೂ ಬಿಟ್ಟ. ಕೊನೆಗೆ ಅವನು, "ಪಕ್ಕದ ಮನೆಯವರ ಉಬ್ಬಸ ನೋಡ್ಕೊಂಡು ನಾವು ಸಂಸಾರ ಮಾಡೋಕಾಗುತ್ತಾ?" ಅಂದ. ಇಂಥ ಮಾತು ಆಡುವವನನ್ನು ನಾನು ಯಾವಾಗ ಬೆಳೆಸಿದೆ ಅಂತ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಕಾರು ಬಂತು. ಹಿಂದಿನದಕ್ಕಿಂತ ದೊಡ್ಡದು. ಅದೇ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದರು. ಚೆಂಡು ಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು, ಅಯ್ನೋರು ಆರತಿ ತಟ್ಟೆ ಹಿಡಿದು ನಿಂತರು. ಬ್ರೆಡ್ಡು ತಂದವರಲ್ಲಿ ಅರ್ಧದಷ್ಟು ಜನ ಪೇಡ ತಿನ್ನಲು ಬಂದಿದ್ದರು. ಹಿರಿಯಳಾದ್ದರಿಂದ ನಾನೇ ಮೊದಲು ಹತ್ತಿ ಕೂರಬೇಕು ಅಂದರು. ಮಗ ಎಂಜಿನ್ ಚಾಲೂ ಮಾಡಿದ್ದ. ಸ್ಟಾರ್ಟ್ ಮಾಡಿದ ಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸುವ ತನಕ ಆಫ್ ಮಾಡಬಾರದು ಅಂತ ಯಾರೋ ಶಾಸ್ತ್ರ ಹೇಳಿದ್ದರಂತೆ. ಅಯ್ನೋರ ಮಂತ್ರ ಉದ್ದವಿತ್ತು. ಸಾಹೇಬರು ಎದ್ದು ಕಿಟಕಿಯ ಒಂದು ಬಾಗಿಲು ಮುಚ್ಚಿದರು. ಒಳಗೆ ಆಕೆ ಕೆಮ್ಮುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು, ಯಾರೂ ಆ ಕಡೆ ನೋಡಲಿಲ್ಲ.

ನಾನು ಬ್ಯಾಟರಿ ಗಾಡಿ ಹತ್ತಿದೆ. ಕಾರನ್ನು ಬಳಸಿಕೊಂಡು ಹೋಗಿ, ಅದರ ಹಿಂಭಾಗಕ್ಕೂ ಕಿಟಕಿಗೂ ನಡುವೆ ನುಗ್ಗಿಸಿ ನಿಲ್ಲಿಸಿದೆ. ಬಿಸಿ ಹೊಗೆ ನೇರ ಕಾಲಿಗೆ ಬಡಿದು ಮುಖಕ್ಕೆ ಏರಿತು. ಹತ್ತು ವರ್ಷ ಕಾರಿನೊಳಗೆ ಕೂತಿದ್ದೆ, ಅದರ ಹಿಂದೆ ಕೂತದ್ದು ಅವತ್ತೇ.

"ಆಫ್ ಮಾಡು."

"ಅವ್ವಾ, ಜನ ನೋಡ್ತಿದ್ದಾರೆ."

"ನೋಡ್ಲಿ. ನೋಡೋದಕ್ಕೇ ಅಲ್ಲೇನು ನೀನು ಇದನ್ನ ಇಲ್ಲಿ ನಿಲ್ಲಿಸಿದ್ದು? ನಿನ್ನ ಅವ್ವ ಹೊಗೆ ಕುಡೀತಾ ಕೂತಿದ್ದಾಳೆ, ಅದನ್ನೂ ನೋಡ್ಲಿ."

ಯಾರೋ ನನ್ನ ಗಾಡಿ ಹಿಡಿದು ಎಳೆಯಲು ಬಂದರು. ಕೋಲು ಎತ್ತಿದೆ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಕೆಮ್ಮು ಹತ್ತಿ ಮಾತು ನಿಂತಿತು. ಆಗ ಮಗ ಎಂಜಿನ್ ಆಫ್ ಮಾಡಿದ. ಅಯ್ನೋರು ಆರತಿಗೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿದು ಅಲ್ಲೇ ನಿಂತರು. ಗೆದ್ದೆ ಅನ್ನಿಸಿತು ನನಗೆ. ಆ ಉಬ್ಬಿನಲ್ಲೇ ಕಿಟಕಿಯ ಕಡೆ ತಿರುಗಿ, ಇಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲರಿಗೂ ಕೇಳುವಂತೆ ಸಾಹೇಬರ ಮೇಲೆ ಸುರಿದೆ.

"ನಿಮ್ಮ ಬಾಯಿಗೆ ಏನಾಗಿತ್ರೀ ಇಷ್ಟು ವರ್ಷ? ಹೆಂಡತೀನ ಊರು ಬಿಡಿಸೋ ಬದಲು ನನಗೆ ಒಂದು ಮಾತು ಹೇಳಿದ್ರೆ ಅವತ್ತೇ ಕಾರು ತೆಗೆಸ್ತಿದ್ದೆ."

ಸಾಹೇಬರು ನೆಲ ನೋಡಿದರು. ಒಳಗಿನಿಂದ ಆಕೆ ಕಿಟಕಿಯ ಸರಳಿನ ಹತ್ತಿರ ಬಂದರು.

"ಹೇಳಿದ್ವಿ ಅಮ್ಮಾರೆ."

"ನಮ್ಮ ಯಜಮಾನರಿಗಾ?"

"ನಿಮಗೇ. ನಾನೇ ಹೇಳಿದ್ದೆ."

"ಬಿಡೇ, ಈಗ್ಯಾಕೆ" ಅಂದರು ಸಾಹೇಬರು. ಆಕೆ ಬಿಡಲಿಲ್ಲ. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಹೇಳಿದರು. "ನೀವೊಬ್ರೇ ಮುಂದಿನ ಸೀಟಲ್ಲಿ ಕೂತಿದ್ರಿ. ಗಾಡಿ ಚಾಲೂ ಇತ್ತು. ನಾನು ಹತ್ರ ಬಂದು, ಅಮ್ಮಾರೆ ಸ್ವಲ್ಪ ಮುಂದೆ ನಿಲ್ಲಿಸಿಕೊಳ್ಳಿ, ಉಸಿರಾಡೋಕೆ ಆಗ್ತಾ ಇಲ್ಲ ಅಂದೆ. ನೀವು ನನ್ನ ನೋಡಿದ್ರಿ. ಆಮೇಲೆ ಗ್ಲಾಸು ಏರಿಸಿಕೊಂಡ್ರಿ. ನಾನು ಅದೇ ವಾರ ಸೊರಬಕ್ಕೆ ಹೋದೆ."

ಅಯ್ನೋರು ಆರತಿ ತಟ್ಟೆ ಕೆಳಗಿಳಿಸಿದರು.

"ಎಂಜಿನ್ ಸದ್ದಿನಲ್ಲಿ ನಿಮಗೆ ಕೇಳಿಸಿರಲಿಲ್ಲವೇನೋ" ಅಂತ ಆಕೆಯೇ ಸೇರಿಸಿದರು. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ತಿರುಗಿ ಬೈಯುವುದು ನನಗೆ ಗೊತ್ತು.

ನೆನಪು ಮಾಡಿಕೊಳ್ಳಲು ಅಲ್ಲೇ ಕೂತು ನೋಡಿದೆ. ಆಮೇಲೂ ಎಷ್ಟೋ ದಿನ ನೋಡಿದ್ದೇನೆ. ಸೆಕೆಗೆ ಎ.ಸಿ. ಹಾಕಿಕೊಂಡು ಒಳಗೆ ಕೂತಿರುತ್ತಿದ್ದದ್ದು ನೆನಪಿದೆ, ಯಜಮಾನರು ಕನ್ನಡಕ ಮರೆತು ಮನೆಯೊಳಗೆ ಹೋಗುತ್ತಿದ್ದದ್ದು ನೆನಪಿದೆ, ಆ ಮುಖ ಮಾತ್ರ ಸಿಗುವುದಿಲ್ಲ. ಆಕೆ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಲು ಆಗಲಿಲ್ಲ. ನಾನು ಗ್ಲಾಸು ಏರಿಸುವಂಥವಳು ಅನ್ನುವುದು ನನಗೆ ಗೊತ್ತು. ಸೆಕೆ ಒಳಗೆ ಬರುತ್ತದೆ ಅಂತ ಏರಿಸಿರುತ್ತೇನೆ.

ಮಗ ಹಾರ ಹಾಕಿದ ಕಾರನ್ನು ಕೈಯಿಂದ ತಳ್ಳಿಸಿ ಓಣಿಯ ಬಾಯಿಯವರೆಗೆ ಒಯ್ದ. ಅಲ್ಲಿ ಸ್ಟಾರ್ಟ್ ಮಾಡಿ ಗೋಡೌನಿಗೆ ತೆಗೆದುಕೊಂಡು ಹೋದ. ಈಗಲೂ ಅದು ಅಲ್ಲೇ ನಿಲ್ಲುತ್ತದೆ. ಅವತ್ತು ಬಂದವರು ಪೇಡ ತಿನ್ನದೆ ಹೋದರು. ನಾನು ಬ್ಯಾಟರಿ ಗಾಡಿಯಿಂದ ಇಳಿಯದೆ, ಕಿಟಕಿಯ ಸರಳು ಹಿಡಿದು, ತಪ್ಪಾಯ್ತು ಅಂತ ಆಕೆಗೆ ಹೇಳಿದೆ. ಆಕೆ ಮತ್ತೆ ಕೆಮ್ಮುತ್ತಿದ್ದರು. ಈ ಸಲ ನನ್ನ ಮಾತು ಆಕೆಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.